ದೂರು ಸೊಸೆಯ ಮೇಲೆ, ಔಷಧಿ ಶುಂಠಿಯ ಮೇಲೆ

ಮದುವೆಯಾಗಿ ವರ್ಷ ಒಂದೂವರೆ ಆಯಿತೆಂದರೆ ಸಾಕು, ನಮ್ಮ ಕಡೆ ಪ್ರಶ್ನೆ ಶುರು. "ಏನಮ್ಮಾ, ಏನಾದ್ರೂ ವಿಶೇಷ ಐತಾ?" ಡೈರಿ ಮುಂದೆ ಹಾಲಿನ ಕ್ಯಾನು ಹಿಡಿದು ನಿಂತಾಗ ಕೇಳುತ್ತಾರೆ. ಸಂಘದ ಕಂತು ಕಟ್ಟೋಕೆ ಹೋದಾಗ ಕೇಳುತ್ತಾರೆ. ಅರಸೀಕೆರೆ ಸಂತೆಯಲ್ಲಿ ಸೊಪ್ಪು ಆರಿಸುವಾಗಲೂ ಕೇಳುತ್ತಾರೆ. ಕೇಳುವುದು ಸೊಸೆಯನ್ನು. ಅವಳ ಗಂಡ ಅದೇ ಡೈರಿ ಮುಂದೆ ಬೈಕ್ ಮೇಲೆ ಕೂತು ಮೊಬೈಲ್ ನೋಡುತ್ತಿರುತ್ತಾನೆ. ಅವನನ್ನು ಈ ಪ್ರಶ್ನೆ ಕೇಳಿದವರನ್ನು ನಾವು ಇದುವರೆಗೆ ಕಂಡಿಲ್ಲ.

ಆಮೇಲೆ ನಡೆಯುವುದು ನಿಮಗೂ ಗೊತ್ತು. ನಾಗರಕಲ್ಲಿಗೆ ಹಾಲು, ಹುಣ್ಣಿಮೆಗೆ ಜೇನುಕಲ್ ಬೆಟ್ಟ, ಪುರದಮ್ಮನಿಗೆ ಹರಕೆ. ಹರಕೆ ಬಗ್ಗೆ ನಮ್ಮ ತಕರಾರಿಲ್ಲ, ನಮ್ಮ ಮನೆಗಳಲ್ಲೂ ಹೊತ್ತಿದ್ದಾರೆ. ತಕರಾರು ಇರುವುದು ಅದರ ನಂತರದ ದಾರಿಯ ಮೇಲೆ. ಹಾಸನಕ್ಕೆ ಬಸ್ಸು, ಸೊಸೆಗೆ ಸ್ಕ್ಯಾನಿಂಗ್, ಸೊಸೆಗೆ ರಕ್ತ ಪರೀಕ್ಷೆ, ಸೊಸೆಗೆ ನಾಳದ ಪರೀಕ್ಷೆ, ಸೊಸೆಗೆ ತಿಂಗಳು ತಿಂಗಳು ಮಾತ್ರೆ, ಇಂಜೆಕ್ಷನ್ನು. ಗಂಡನ ವೀರ್ಯ ಪರೀಕ್ಷೆ ಬರುವುದು ಮೂರನೇ ವರ್ಷವೋ ನಾಲ್ಕನೇ ವರ್ಷವೋ, ಅದೂ ಡಾಕ್ಟರು ಗದರಿದ ಮೇಲೆ. ಇಷ್ಟೂ ಪರೀಕ್ಷೆಗಳಲ್ಲಿ ಅತ್ಯಂತ ಅಗ್ಗದ್ದು, ಸುಲಭದ್ದು ಅದೇ. ಸೂಜಿ ಚುಚ್ಚುವುದಿಲ್ಲ, ಹೊಟ್ಟೆ ಒತ್ತುವುದಿಲ್ಲ, ಕೆಲವು ನೂರು ರೂಪಾಯಿಯಲ್ಲಿ ಮುಗಿಯುತ್ತದೆ. ಮಕ್ಕಳಾಗದ ಜೋಡಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಪಾಲು ಇದ್ದೇ ಇರುತ್ತದೆ, ಕೆಲವು ಕಡೆ ಅವನದು ಮಾತ್ರ, ಕೆಲವು ಕಡೆ ಇಬ್ಬರದೂ. ಅಂದಮೇಲೆ ಮೊದಲು ಮಾಡಬೇಕಾದ್ದನ್ನು ಕೊನೆಗೆ ಇಡುವುದನ್ನು ಏನೆಂದು ಕರೆಯೋಣ? ನಾವು ಅದನ್ನು ಅನ್ಯಾಯ ಅನ್ನುತ್ತೇವೆ.

ನಮ್ಮ ಗುಂಪಿನ ಒಬ್ಬನ ಮನೆಯ ವಿಷಯ ಹೇಳುತ್ತೇವೆ, ಅವನೇ ಬರೆಯಿರಿ ಅಂದ. ಅವನ ಅಣ್ಣನಿಗೆ ಹುಟ್ಟಿದಾಗ ಎರಡೂ ಬೀಜ ಚೀಲಕ್ಕೆ ಇಳಿದಿರಲಿಲ್ಲ. ಅಜ್ಜಿ ನೀರು ಹಾಕುವಾಗಲೇ ನೋಡಿದ್ದರು. "ದೊಡ್ಡೋನಾದ್ಮೇಲೆ ಇಳೀತದೆ ಬಿಡು" ಅಂದರು. ಹನ್ನೆರಡನೇ ವಯಸ್ಸಿಗೆ ಹೊಟ್ಟೆ ಕೆಳಗೆ ನೋವು ಬಂದು ಆಪರೇಷನ್ ಆಯಿತು. ಅಲ್ಲಿ ಯಾರೂ ಮುಂದೇನು ಅಂತ ಬಿಡಿಸಿ ಹೇಳಲಿಲ್ಲ, ಮನೆಯವರೂ ಕೇಳಲಿಲ್ಲ. ಮದುವೆಯಾಯಿತು. ಅತ್ತಿಗೆ ಮೂರು ವರ್ಷ ಮಾತ್ರೆ ನುಂಗಿದರು, ಎರಡು ಸಲ ನಾಳ ಪರೀಕ್ಷೆ ಮಾಡಿಸಿಕೊಂಡರು, ಹಬ್ಬದ ದಿನ ಬಾಗಿನ ಕೊಡುವವರ ಸಾಲಿನಿಂದ ಹಿಂದೆ ಸರಿದು ನಿಂತರು. ಆಪರೇಷನ್ ಆಗಿದ್ದು ಅಮ್ಮನಿಗೆ ಗೊತ್ತು, ಅಣ್ಣನಿಗೆ ಗೊತ್ತು, ಅಜ್ಜಿಗೆ ಗೊತ್ತು. ಗೊತ್ತಿಲ್ಲದೇ ಇದ್ದದ್ದು ಅತ್ತಿಗೆಗೆ ಮಾತ್ರ. ನಾಲ್ಕನೇ ವರ್ಷ ವೀರ್ಯ ಪರೀಕ್ಷೆ ಮಾಡಿದರೆ ಒಂದೇ ಒಂದು ವೀರ್ಯಾಣು ಇರಲಿಲ್ಲ.

ಅಣ್ಣನದು ತಪ್ಪು ಅಂತ ಬರೆಯಲು ನಾವು ಕೂತಿಲ್ಲ. ಅವನ ದೇಹದಲ್ಲಿ ಆದದ್ದು ಅವನು ಹುಟ್ಟುವ ಮುಂಚೆಯೇ ಆದದ್ದು. ಈ ಲೇಖನ ಇರುವುದೇ ಅದರ ಬಗ್ಗೆ.

ಸ್ವಲ್ಪ ವಿಜ್ಞಾನ ಹೇಳಬೇಕು, ಬೇಸರ ಮಾಡಿಕೊಳ್ಳಬೇಡಿ.

ಗರ್ಭ ನಿಂತ ಮೊದಲ ಐದಾರು ವಾರ ಮಗು ಗಂಡೋ ಹೆಣ್ಣೋ ಅಂತ ಅಂಗ ನೋಡಿ ಹೇಳಲು ಆಗುವುದಿಲ್ಲ. ವೃಷಣವೂ ಆಗಬಹುದಾದ, ಅಂಡಾಶಯವೂ ಆಗಬಹುದಾದ ಒಂದು ಸಣ್ಣ ದಿಂಡು ಮಾತ್ರ ಇರುತ್ತದೆ. ವೈ ವರ್ಣತಂತು ಇದ್ದರೆ, ಅದರಲ್ಲಿರುವ ಎಸ್‌ಆರ್‌ವೈ ಅನ್ನುವ ಜೀನು ಆರು ಏಳನೇ ವಾರದಲ್ಲಿ ಸ್ವಿಚ್ ಒತ್ತುತ್ತದೆ. ಈ ಜೀನನ್ನು 1990ರಲ್ಲಿ ಲಂಡನ್ನಿನಲ್ಲಿ ಪೀಟರ್ ಗುಡ್‌ಫೆಲೋ ಮತ್ತು ರಾಬಿನ್ ಲೊವೆಲ್-ಬ್ಯಾಡ್ಜ್ ಅವರ ತಂಡಗಳು ಗುರುತಿಸಿದವು. ಸ್ವಿಚ್ ಒತ್ತಿದ ಕೂಡಲೇ ಕೆಲಸ ಶುರು. ಸರ್ಟೋಲಿ ಅನ್ನುವ ಜೀವಕೋಶಗಳು ಸಾಲಾಗಿ ನಿಂತು ದಾರದಂಥ ಕೊಳವೆಗಳನ್ನು ಕಟ್ಟುತ್ತವೆ. ಮುಂದೆ ಪ್ರಾಯಕ್ಕೆ ಬಂದಾಗ ವೀರ್ಯಾಣು ತಯಾರಾಗುವುದು ಇದೇ ಕೊಳವೆಗಳ ಒಳಗೆ. ಹೊರಗೆ ಲೈಡಿಗ್ ಅನ್ನುವ ಕೋಶಗಳು ಕೂತು ಗಂಡು ಹಾರ್ಮೋನು ಟೆಸ್ಟೊಸ್ಟಿರೋನ್ ಮಾಡಲು ತೊಡಗುತ್ತವೆ. ಆ ಹಾರ್ಮೋನಿನ ಬಲದಲ್ಲೇ ಉಳಿದ ಗಂಡು ಅಂಗಗಳು ರೂಪ ಪಡೆಯುತ್ತವೆ, ಬೀಜ ಕೆಳಗಿಳಿಯುವುದೂ ಅದರ ನೆರವಿನಿಂದಲೇ.

ಈ ಕಟ್ಟಡದ ಕೆಲಸದಲ್ಲಿ ಇನ್ನೊಂದು ಕೂಲಿಯ ಗುಂಪು ಇದೆ ಅನ್ನುವುದು ಹೊಸ ಸಂಗತಿ. ಅವು ರೋಗ ನಿರೋಧಕ ಕೋಶಗಳು. ಮ್ಯಾಕ್ರೊಫೇಜ್ ಅಂತ ಹೆಸರು, ಭಕ್ಷಕ ಕೋಶ ಅನ್ನಬಹುದು. ಗಾಯವಾದಾಗ ಕೀವಿನಲ್ಲಿ ಕ್ರಿಮಿಯನ್ನು ನುಂಗುವವು ಅಂತಲೇ ನಾವು ಶಾಲೆಯಲ್ಲಿ ಓದಿದ್ದು. ಆದರೆ ಗರ್ಭದೊಳಗೆ ಕ್ರಿಮಿಯೇ ಇಲ್ಲದ ಹೊತ್ತಿನಲ್ಲೂ ಅವು ಬಂದು ಕೆಲಸ ಮಾಡುತ್ತಿರುತ್ತವೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಬ್ಲಾಂಚ್ ಕೇಪಲ್ ಅವರ ಪ್ರಯೋಗಾಲಯದಲ್ಲಿದ್ದ ಟೋನಿ ಡಿಫಾಲ್ಕೊ ಮತ್ತು ಜೊತೆಗಾರರು 2014ರಲ್ಲಿ ಇಲಿ ಭ್ರೂಣಗಳ ಮೇಲೆ ಮಾಡಿದ ಕೆಲಸ ಪ್ರಕಟಿಸಿದರು. ಬೆಳೆಯುತ್ತಿರುವ ವೃಷಣದಿಂದ ಈ ಭಕ್ಷಕ ಕೋಶಗಳನ್ನು ತೆಗೆದುಬಿಟ್ಟರೆ ಏನಾಗುತ್ತದೆ ಅಂತ ನೋಡಿದರು. ರಕ್ತನಾಳಗಳು ದಾರಿ ತಪ್ಪಿದವು, ವೀರ್ಯದ ಕೊಳವೆಗಳು ನೆಟ್ಟಗೆ ಕಟ್ಟಲಿಲ್ಲ. ಕೋಶಗಳು ಇದ್ದಾಗ ತಪ್ಪಾದ ಜಾಗದಲ್ಲಿ ಉಳಿದುಹೋದ ಚೂರುಪಾರನ್ನು ಅವೇ ನುಂಗಿ ತೆಗೆಯುತ್ತಿದ್ದವು.

ಹಳೇಬೀಡಿನ ದೇವಸ್ಥಾನ ನೋಡಿದ್ದೀರಲ್ಲ. ಶಿಲ್ಪಿಯನ್ನು ಎಲ್ಲರೂ ನೆನೆಯುತ್ತಾರೆ. ಸಾರುವೆ ಕಟ್ಟಿದವನು, ಕೆತ್ತಿ ಬಿದ್ದ ಚಕ್ಕೆಯನ್ನು ಬುಟ್ಟಿಯಲ್ಲಿ ಹೊತ್ತು ಹೊರಗೆ ಹಾಕಿದವಳು ಯಾರ ನೆನಪಿನಲ್ಲೂ ಇಲ್ಲ. ಅವರಿಲ್ಲದೆ ಗೋಡೆ ಏಳುತ್ತಿರಲಿಲ್ಲ. ಈ ಕೋಶಗಳು ಆ ಕೂಲಿಯವರು.

ಡಿಫಾಲ್ಕೊ ಆಮೇಲೆ ಸಿನ್ಸಿನಾಟಿಗೆ ಹೋಗಿ ಅದೇ ಕೆಲಸ ಮುಂದುವರಿಸಿದರು. 2023ರಲ್ಲಿ ಅವರ ತಂಡ ಹೇಳಿದ್ದು ಇನ್ನೂ ಮುಖ್ಯ. ವೃಷಣದಲ್ಲಿ ನೆಲೆಸುವ ಭಕ್ಷಕ ಕೋಶಗಳು ಅಲ್ಲಿಗೆ ಬಂದು ಸೇರುವುದು ಗರ್ಭದೊಳಗಿನ ಒಂದು ಕಿರಿದಾದ ಅವಧಿಯಲ್ಲಿ. ಬಾಗಿಲು ಸ್ವಲ್ಪ ಹೊತ್ತು ತೆರೆದಿರುತ್ತದೆ, ಆಮೇಲೆ ಮುಚ್ಚಿಕೊಳ್ಳುತ್ತದೆ. ಇದು ಇಲಿಯ ಲೆಕ್ಕ, ಮನುಷ್ಯರದ್ದಲ್ಲ, ಅದನ್ನು ಮರೆಮಾಚುವುದಿಲ್ಲ. ಮನುಷ್ಯ ಭ್ರೂಣದ ವೃಷಣದಲ್ಲೂ ಇಂಥ ಕೋಶಗಳಿವೆ ಎಂಬುದನ್ನು 2022ರಲ್ಲಿ ಪ್ರಕಟವಾದ ಜೀವಕೋಶಗಳ ನಕ್ಷೆಯೊಂದು ತೋರಿಸಿತು. ಅವು ಇಲ್ಲಿಯೂ ಅದೇ ಕೆಲಸ ಮಾಡುತ್ತವೆಯೇ ಅನ್ನುವುದು ಇನ್ನೂ ನಡೆಯುತ್ತಿರುವ ಸಂಶೋಧನೆ.

ದೊಡ್ಡವನಾದ ಮೇಲೂ ಈ ಕೋಶಗಳಿಗೆ ಕೆಲಸ ಇದೆ. ವೀರ್ಯಾಣು ಮೊದಲ ಬಾರಿ ತಯಾರಾಗುವುದು ಹುಡುಗ ಪ್ರಾಯಕ್ಕೆ ಬಂದಾಗ. ಅಷ್ಟರಲ್ಲಿ ದೇಹದ ಕಾವಲು ಪಡೆ ತನ್ನವರು ಯಾರು, ಪರರು ಯಾರು ಅಂತ ಪಟ್ಟಿ ಮಾಡಿ ಮುಗಿಸಿರುತ್ತದೆ. ಆ ಪಟ್ಟಿಯಲ್ಲಿ ವೀರ್ಯಾಣುವಿನ ಹೆಸರಿಲ್ಲ. ಪರಕೀಯ ಅಂತ ಹೊಡೆದುಹಾಕಬಾರದು ಅಂದರೆ ಅಲ್ಲಿ ಸಮಾಧಾನ ಮಾಡುವವರು ಇರಬೇಕು. ವೃಷಣದ ಭಕ್ಷಕ ಕೋಶಗಳು ಜಗಳ ಬಿಡಿಸುವ ಈ ಕೆಲಸವನ್ನೂ ಮಾಡುತ್ತವೆ.

ಇಲ್ಲಿಂದ ನಮ್ಮ ಮಾತು ಹೊಲಕ್ಕೆ ಬರುತ್ತದೆ.

ತಾಯಿ ಕಾರ್ಡ್ ಮಾಡಿಸಲು ಆಶಾ ಅಕ್ಕ ಹೇಳುವುದು ಹನ್ನೆರಡು ವಾರದೊಳಗೆ. ಒಳ್ಳೆಯದೇ. ಆದರೆ ಲೆಕ್ಕ ಹಾಕಿ ನೋಡಿ. ಮುಟ್ಟು ನಿಂತದ್ದು ಗಮನಕ್ಕೆ ಬಂದು, ಇನ್ನೊಂದು ತಿಂಗಳು ನೋಡೋಣ ಅಂತ ಕಾದು, ಅತ್ತೆಗೆ ಹೇಳಿ, ಕಾರ್ಡ್ ಆಗುವ ಹೊತ್ತಿಗೆ ಹೊಟ್ಟೆಯೊಳಗಿನ ಗಂಡು ಮಗುವಿನ ವೃಷಣದ ಕೊಳವೆ ಕಟ್ಟಿ ಆಗಿರುತ್ತದೆ. ಕಟ್ಟುವ ಆ ವಾರಗಳಲ್ಲಿ ಅವಳು ಎಲ್ಲಿದ್ದಳು? ಹಳೇಬೀಡು ಕಡೆಯಾದರೆ ಗುತ್ತಿಗೆ ಶುಂಠಿ ಹೊಲದಲ್ಲಿ ಕಳೆ ಕೀಳುತ್ತಿದ್ದಳು. ಆಲೂಗಡ್ಡೆ ಕಾಲವಾದರೆ ಅಂಗಮಾರಿಗೆ ಔಷಧಿ ಹೊಡೆದ ಮಾರನೇ ದಿನವೇ ಬೋದು ಏರಿಸಲು ಇಳಿದಿದ್ದಳು. ಬೇಲೂರಿನ ಮೇಲಿನ ತೋಟಗಳಲ್ಲಾದರೆ ಕಳೆನಾಶಕದ ಡ್ರಮ್ಮಿಗೆ ನೀರು ಹೊತ್ತು ಹಾಕುತ್ತಿದ್ದಳು. ಯಾರಿಗೂ ಗೊತ್ತಿರಲಿಲ್ಲ, ಅವಳಿಗೂ ಗೊತ್ತಿರಲಿಲ್ಲ. ಗೊತ್ತಿದ್ದರೂ ಕೂಲಿ ಬಿಡಲಾಗುತ್ತಿರಲಿಲ್ಲ.

"ಅದಕ್ಕೂ ಇದಕ್ಕೂ ಏನು ಸಂಬಂಧ, ಹೆದರಿಸಬೇಡಿ" ಅನ್ನುವವರು ಇದ್ದಾರೆ. ಅವರಿಗೆ ನಾವು ಪಡ್ರೆ ಊರಿನ ಕತೆ ಹೇಳುತ್ತೇವೆ.

ಪಡ್ರೆ ಇರುವುದು ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯಿತಿಯಲ್ಲಿ. ರಾಜ್ಯ ಕೇರಳ, ಮಾತು ಕನ್ನಡ, ತುಳು. ಅಲ್ಲಿನ ಗುಡ್ಡಗಳ ಮೇಲೆ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್‌ನ ಗೇರು ತೋಟ. 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಗುಡ್ಡದ ಮೇಲೆ ಸುರಿದದ್ದು ಕೆಳಗಿನ ತೋಡಿಗೆ, ಸುರಂಗದ ನೀರಿಗೆ, ಮನೆ ಅಂಗಳಕ್ಕೆ ಬಂತು. ಊರಿನ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮ ಬಳಿಗೆ ಬರುವ ಕಾಯಿಲೆಗಳ ರೀತಿ ನೋಡಿ ಅನುಮಾನಪಟ್ಟರು, ಪತ್ರಕರ್ತ ಶ್ರೀ ಪಡ್ರೆ ಬರೆದರು. ಪತ್ರಿಕೋದ್ಯಮ ಓದಿ ಊರಿಗೆ ವಾಪಸ್ ಬಂದ ನಮ್ಮಂಥವರಿಗೆ ಅದು ಪಾಠ. ದೊಡ್ಡ ಸುದ್ದಿ ದಿಲ್ಲಿಯಿಂದ ಬರಲಿಲ್ಲ, ಊರೊಳಗಿನಿಂದಲೇ ಎದ್ದಿತು.

ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ಅಲ್ಲಿ ಬಂದು ಹತ್ತರಿಂದ ಹತ್ತೊಂಬತ್ತು ವರ್ಷದ 117 ಹುಡುಗರನ್ನು ಪರೀಕ್ಷಿಸಿದರು. ಸಿಂಪಡಣೆ ಇಲ್ಲದ ಬೇರೆ ಊರಿನ 90 ಹುಡುಗರ ಜೊತೆ ಹೋಲಿಸಿದರು. ವರದಿ 2003ರಲ್ಲಿ ಪ್ರಕಟವಾಯಿತು. ಪಡ್ರೆ ಹುಡುಗರು ಪ್ರಾಯಕ್ಕೆ ಬರುವುದು ತಡವಾಗಿತ್ತು, ಅದೇ ವಯಸ್ಸಿನ ಬೇರೆ ಊರಿನ ಹುಡುಗರಿಗಿಂತ ಟೆಸ್ಟೊಸ್ಟಿರೋನ್ ಕಡಿಮೆಯಿತ್ತು. ಬೀಜ ಇಳಿಯದಿರುವುದು, ಹುಟ್ಟಿನಿಂದಲೇ ಬುಡ್ಡೆಯಲ್ಲಿ ನೀರು ತುಂಬಿರುವುದು, ತೊಡೆ ಸಂದಿನ ಹರ್ನಿಯಾ, ಇವು ಒಟ್ಟಾಗಿ ಪಡ್ರೆಯಲ್ಲಿ ನೂರಕ್ಕೆ 5.1, ಬೇರೆ ಊರಿನಲ್ಲಿ 1.1. ಈ ಕೊನೆಯ ವ್ಯತ್ಯಾಸ ಅಷ್ಟು ಸಣ್ಣ ಸಂಖ್ಯೆಯಲ್ಲಿ ಆಕಸ್ಮಿಕವೂ ಇರಬಹುದು, ಲೆಕ್ಕದಲ್ಲಿ ಗಟ್ಟಿಯಾಗಿ ನಿಲ್ಲುವುದಿಲ್ಲ ಅಂತ ಸಂಶೋಧಕರೇ ಬರೆದಿದ್ದಾರೆ. ನಾವೂ ಅಷ್ಟೇ ಹೇಳುತ್ತೇವೆ, ಒಂದಿಂಚೂ ಹೆಚ್ಚಲ್ಲ. ಭಕ್ಷಕ ಕೋಶಗಳನ್ನು ಆ ಅಧ್ಯಯನ ನೋಡಲೂ ಇಲ್ಲ. ಆದರೆ ತಾಯಿ ಉಸಿರಾಡಿದ ಗಾಳಿ, ಕುಡಿದ ನೀರು ಗಂಡು ಮಗುವಿನ ಬೆಳವಣಿಗೆಯನ್ನು ಮುಟ್ಟಬಹುದೇ ಅನ್ನುವ ಪ್ರಶ್ನೆಯನ್ನು ನಮ್ಮದೇ ಭಾಷೆಯ ಒಂದು ಊರಿನ ಹುಡುಗರ ಮೈಮೇಲೆ ಕೇಳಲಾಯಿತು. ಉತ್ತರ ಸಿಹಿಯಾಗಿರಲಿಲ್ಲ.

ಕಂಪನಿ ಕಡೆಯವರು ಅಧ್ಯಯನದ ಮೇಲೆ ತಕರಾರು ಎತ್ತಿದರು. ನಿಷೇಧ ಬರಲು ಇನ್ನೂ ಎಂಟು ವರ್ಷ ಹಿಡಿಯಿತು. ಕರ್ನಾಟಕ 2011ರ ಫೆಬ್ರವರಿಯಲ್ಲಿ ನಿಲ್ಲಿಸಿತು, ಸುಪ್ರೀಂ ಕೋರ್ಟು ಅದೇ ಮೇ 13ರಂದು ಇಡೀ ದೇಶದಲ್ಲಿ ತಡೆಯಿತು. ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಿ ಅಂತ ಅದೇ ಕೋರ್ಟು ಕೇರಳಕ್ಕೆ ಹೇಳಿದ್ದು 2017ರ ಜನವರಿಯಲ್ಲಿ. ಅಷ್ಟರಲ್ಲಿ 2003ರ ಆ ಹುಡುಗರು ಮದುವೆ ವಯಸ್ಸು ದಾಟಿದ್ದರು.

ಎಂಡೋಸಲ್ಫಾನ್ ಹೋಯಿತು, ಸರಿ. ಈಗ ನಮ್ಮ ಅಂಗಡಿಗಳಲ್ಲಿ ಏನಿದೆ? ಆಲೂಗಡ್ಡೆ ಅಂಗಮಾರಿಗೆ ವಾರ ವಾರ ಹೊಡೆಯುವ ಮ್ಯಾಂಕೋಜೆಬ್ ತೆಗೆದುಕೊಳ್ಳಿ. ಗರ್ಭದ ಮಗುವಿಗೆ ಹಾನಿಕಾರಕ, ಹಾರ್ಮೋನಿನ ಕೆಲಸ ಕೆಡಿಸುತ್ತದೆ ಅಂತ ಯುರೋಪ್ ಒಕ್ಕೂಟ 2020ರ ಡಿಸೆಂಬರಿನಲ್ಲಿ ಅದರ ಪರವಾನಗಿ ಮುಂದುವರಿಸಲಿಲ್ಲ. ನಮ್ಮ ಕೇಂದ್ರ ಸರ್ಕಾರ ಅದೇ ವರ್ಷ ಮೇ ತಿಂಗಳಲ್ಲಿ 27 ಕೀಟನಾಶಕಗಳನ್ನು ನಿಲ್ಲಿಸುವ ಕರಡು ಆದೇಶ ತಂದಿತು. ಪಟ್ಟಿಯಲ್ಲಿ ಮ್ಯಾಂಕೋಜೆಬ್ ಇತ್ತು. ಪ್ರಯೋಗದ ಪ್ರಾಣಿಗಳಲ್ಲಿ ವೃಷಣಕ್ಕೆ ಪೆಟ್ಟು ಕೊಡುತ್ತದೆ ಅಂತ ಎಷ್ಟೋ ವರ್ಷದಿಂದ ಗೊತ್ತಿರುವ ಕಾರ್ಬೆಂಡಜಿಮ್ ಇತ್ತು. ತೆಂಗಿನ ಕಪ್ಪು ತಲೆ ಹುಳಕ್ಕೆ ಅರಸೀಕೆರೆ ಕಡೆ ಬೇರಿಗೆ ಕಟ್ಟುತ್ತಿದ್ದ ಮೊನೊಕ್ರೊಟೊಫಾಸ್ ಇತ್ತು. ಆಮೇಲೆ ಪಟ್ಟಿ ಕರಗಿತು. ಮ್ಯಾಂಕೋಜೆಬ್, ಕಾರ್ಬೆಂಡಜಿಮ್ ಎರಡೂ ಅಂಗಡಿಯಲ್ಲೇ ಉಳಿದವು.

ಇನ್ನೂ ಒಂದು ಮೋಸ ಇದೆ, ಅದನ್ನು ನೀವೇ ಪರೀಕ್ಷಿಸಬಹುದು. ಡಬ್ಬದ ಮೇಲಿನ ತ್ರಿಕೋನದ ಬಣ್ಣ ನೋಡಿ ಅಂತ ಕೃಷಿ ತರಬೇತಿಯಲ್ಲಿ ಹೇಳುತ್ತಾರೆ. ಕೆಂಪು ಅತಿ ವಿಷ, ಹಳದಿ, ನೀಲಿ, ಕೊನೆಗೆ ಹಸಿರು. ಮ್ಯಾಂಕೋಜೆಬ್ ಪ್ಯಾಕೆಟ್ ತಿರುಗಿಸಿ ನೋಡಿ, ಹಸಿರು. ಹಸಿರು ಅಂದರೆ ಏನೂ ಆಗಲ್ಲ ಅಂತ ನಮ್ಮವರು ಬರಿಗೈಲಿ ಕಲಸುತ್ತಾರೆ. ಆದರೆ ಆ ಬಣ್ಣ ಹೇಳುವುದು ಒಂದೇ ವಿಷಯ: ಒಮ್ಮೆಗೇ ಹೊಟ್ಟೆಗೆ ಹೋದರೆ, ಚರ್ಮಕ್ಕೆ ತಾಗಿದರೆ ಎಷ್ಟು ಪ್ರಮಾಣಕ್ಕೆ ಪ್ರಾಣಿ ಸಾಯುತ್ತದೆ ಅನ್ನುವುದು. ವಾರ ವಾರ ಸ್ವಲ್ಪ ಸ್ವಲ್ಪ ಮೈಗೆ ಹೋದರೆ, ಎರಡು ತಿಂಗಳ ಬಸುರಿಯ ಮೈಗೆ ಹೋದರೆ ಏನಾಗುತ್ತದೆ ಅನ್ನುವುದಕ್ಕೆ ಆ ತ್ರಿಕೋನದಲ್ಲಿ ಬಣ್ಣವೇ ಇಲ್ಲ. ಒಂದು ದೇಶ ಗರ್ಭಕ್ಕೆ ಅಪಾಯ ಅಂತ ತೆಗೆದುಹಾಕಿದ ವಸ್ತು ಇನ್ನೊಂದು ದೇಶದಲ್ಲಿ ಹಸಿರು ಗುರುತು ಹಾಕಿಕೊಂಡು ಕೂರುತ್ತದೆ. ನಾಚಿಕೆಯಾಗಬೇಕಾದವರು ಯಾರು?

ಈಗ ನಾವು ಹೆದರುವ ಒಂದು ವಿಷಯ. ಇದನ್ನು ಓದಿದ ಯಾರೋ ನಾಳೆ ಸೊಸೆಗೆ ಹೇಳುತ್ತಾರೆ, "ನೋಡು, ನೀನು ಬಸುರಿಯಾಗಿ ಶುಂಠಿ ಹೊಲಕ್ಕೆ ಹೋದೆ, ಅದಕ್ಕೆ ನನ್ನ ಮೊಮ್ಮಗ ಹೀಗಾದ." ದಯವಿಟ್ಟು ಬೇಡ. ಮಕ್ಕಳಾಗದಿದ್ದರೂ ಅವಳೇ ಕಾರಣ, ಆದ ಗಂಡು ಮಗುವಿಗೆ ತೊಂದರೆಯಾದರೂ ಅವಳೇ ಕಾರಣ ಅನ್ನುವುದಾದರೆ ನಾವು ಇಷ್ಟುದ್ದ ಬರೆದದ್ದು ವ್ಯರ್ಥ. ಅವಳು ಹೊಲಕ್ಕೆ ಹೋದದ್ದು ಕೂಲಿಗೆ. ಔಷಧಿ ತಂದವನು ಹೊಲದವನು, ಮಾರಿದವನು ಅಂಗಡಿಯವನು, ಪರವಾನಗಿ ಕೊಟ್ಟದ್ದು ಸರ್ಕಾರ. ಕೈಗವಸು, ಮುಖಕ್ಕೆ ಮುಚ್ಚುವ ಬಟ್ಟೆ, ಮೈ ಮುಚ್ಚುವ ಅಂಗಿ ಕೊಡಬೇಕು ಅಂತ 1971ರ ಕೀಟನಾಶಕ ನಿಯಮಗಳಲ್ಲೇ ಇದೆ. ನಮ್ಮ ಮೂರೂ ಕಡೆ ಸುತ್ತಿ ನೋಡಿ, ಹೊಡೆಯುವವನ ತಲೆಗೆ ಒಂದು ಟವೆಲ್ಲು ಸಿಕ್ಕರೆ ಹೆಚ್ಚು.

ಹಾಗಾಗಿ ಹೊಲದವರಿಗೆ ನಮ್ಮ ಮಾತು ನೇರ. ಔಷಧಿ ಹೊಡೆದ ಹೊಲಕ್ಕೆ ಎರಡು ಮೂರು ದಿನ ಆಳು ಇಳಿಸಬೇಡಿ, ಗಂಡಾಳನ್ನೂ, ಹೆಣ್ಣಾಳನ್ನೂ. ಆ ದಿನಗಳಲ್ಲಿ ಬೇರೆ ಕೆಲಸ ಕೊಡಿ, ಅದೇ ಕೂಲಿ ಕೊಡಿ. ಬಸುರಿ ಅಂತ ಗೊತ್ತಾದ ಮೇಲೆ ಕೆಲಸದಿಂದ ತೆಗೆಯುವುದು ಪರಿಹಾರ ಅಲ್ಲ, ಅದು ಇನ್ನೊಂದು ಪೆಟ್ಟು. ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000 ರೂಪಾಯಿ ಬರುತ್ತದೆ, ಅದೂ ಕಂತಿನಲ್ಲಿ. ಅದರಲ್ಲಿ ಎಷ್ಟು ದಿನದ ಕೂಲಿ ತುಂಬುತ್ತದೆ ಅಂತ ನೀವೇ ಭಾಗಿಸಿ ನೋಡಿ.

ಗಂಡಸರಿಗೂ ಇದರಲ್ಲಿ ಸ್ವಂತ ಸ್ವಾರ್ಥ ಇದೆ. 1977ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಕಾರ್ಖಾನೆಯಲ್ಲಿ ಡಿಬಿಸಿಪಿ ಅನ್ನುವ, ಬೇರು ಗಂಟಿನ ಜಂತುಹುಳು ಕೊಲ್ಲುವ ಔಷಧಿ ತಯಾರಿಸುತ್ತಿದ್ದ ಕಾರ್ಮಿಕರು ತಮ್ಮ ತಮ್ಮಲ್ಲೇ ಮಾತಾಡಿಕೊಂಡಾಗ ಯಾರಿಗೂ ಈಚೆಗೆ ಮಕ್ಕಳಾಗಿಲ್ಲ ಅನ್ನುವುದು ಬಯಲಾಯಿತು. ಪರೀಕ್ಷೆ ಮಾಡಿದರೆ ಹಲವರಲ್ಲಿ ವೀರ್ಯಾಣು ಇರಲೇ ಇಲ್ಲ, ಉಳಿದವರಲ್ಲಿ ತೀರಾ ಕಡಿಮೆ. 1979ರಲ್ಲಿ ಅಮೆರಿಕ ಅದರ ಬಹುತೇಕ ಬಳಕೆ ನಿಲ್ಲಿಸಿತು. ಮಾತಾಡಿಕೊಂಡದ್ದರಿಂದ ಹೊರಬಂತು ಅನ್ನುವುದನ್ನು ಗಮನಿಸಿ. ನಮ್ಮ ಗಂಡಸರು ಕಟ್ಟೆ ಮೇಲೆ ಕೂತು ಕೊಬ್ಬರಿ ರೇಟು ಮಾತಾಡುತ್ತಾರೆ, ರಾಜಕೀಯ ಮಾತಾಡುತ್ತಾರೆ, ಇದೊಂದು ಬಿಟ್ಟು.

ಮಾತಾಡದ ಕಡೆ ದುಡ್ಡು ಮಾಡುವವರು ಹುಟ್ಟುತ್ತಾರೆ. ಬಸ್ ಸ್ಟ್ಯಾಂಡ್ ಗೋಡೆ ಮೇಲೆ, ಶೌಚಾಲಯದ ಬಾಗಿಲ ಮೇಲೆ "ಗುಪ್ತರೋಗ, ಗಂಡಸುತನ, ಗ್ಯಾರಂಟಿ" ಅಂತ ಫೋನ್ ನಂಬರು. ಅಲ್ಲಿಗೆ ಹೋಗಿ ಪುಡಿ ತಿಂದು ಬಂದವರನ್ನು ನಾವು ಬಲ್ಲೆವು. ಈ ಗೋಡೆಯ ವೈದ್ಯರು ಮಾಡುವ ದೊಡ್ಡ ಕಿತಾಪತಿ ಎಂದರೆ ಎರಡು ಬೇರೆ ವಿಷಯಗಳನ್ನು ಒಂದು ಮಾಡುವುದು. ವೃಷಣಕ್ಕೆ ಎರಡು ಕೆಲಸ: ಹಾರ್ಮೋನು ಮಾಡುವುದು, ವೀರ್ಯಾಣು ಮಾಡುವುದು. ಮೊದಲನೆಯದು ಸರಿಯಿದ್ದು ಎರಡನೆಯದು ಮಾತ್ರ ನಿಂತಿರಬಹುದು. ಮೀಸೆ ದಪ್ಪ ಇರುತ್ತದೆ, ದನಿ ಗಡುಸು ಇರುತ್ತದೆ, ಸಂಸಾರದಲ್ಲಿ ಕೊರತೆ ಇರುವುದಿಲ್ಲ, ವೀರ್ಯಾಣು ಮಾತ್ರ ಇರುವುದಿಲ್ಲ. ಅವನು ಗಂಡಸೇ, ಪೂರ್ತಿ ಗಂಡಸು. ಇದು ಅರ್ಥವಾದರೆ ಪರೀಕ್ಷೆಗೆ ಹೋಗಲು ಇರುವ ಅರ್ಧ ನಾಚಿಕೆ ಹೋಗುತ್ತದೆ. ಇನ್ನೊಂದು ಎಚ್ಚರ, ಜಿಮ್ಮಿಗೆ ಹೋಗುವ ತಮ್ಮಂದಿರಿಗೆ: ಹೊರಗಿನಿಂದ ಟೆಸ್ಟೊಸ್ಟಿರೋನ್ ಇಂಜೆಕ್ಷನ್ ಚುಚ್ಚಿಕೊಂಡರೆ ಮೆದುಳು ಸಾಕಷ್ಟಿದೆ ಅಂದುಕೊಂಡು ವೃಷಣಕ್ಕೆ ಕೆಲಸ ನಿಲ್ಲಿಸಲು ಹೇಳುತ್ತದೆ. ತೋಳು ಉಬ್ಬುತ್ತದೆ, ವೀರ್ಯಾಣು ಇಳಿಯುತ್ತದೆ.

ಇನ್ನು ವಾಟ್ಸಾಪ್. "ಈ ತರಕಾರಿ ತಿಂದರೆ ಗಂಡು ಸಂತಾನ ನಾಶ" ಅನ್ನುವ ಫಾರ್ವರ್ಡುಗಳು ನಮಗೂ ಬರುತ್ತವೆ. ನಾವು ಹಾಗೆ ಹೇಳುತ್ತಿಲ್ಲ. ಶುಂಠಿ ಹೊಲದಲ್ಲಿ ದುಡಿದ ಸಾವಿರ ತಾಯಂದಿರಿಗೆ ಗಟ್ಟಿಮುಟ್ಟಾದ ಮಕ್ಕಳಾಗಿವೆ. ಬೀಜ ಇಳಿಯದಿರುವುದಕ್ಕೆ ದಿನ ತುಂಬದ ಹೆರಿಗೆ, ಕಡಿಮೆ ತೂಕ, ವಂಶದ ಗುಣ ಎಲ್ಲವೂ ಕಾರಣವಾಗಬಹುದು, ಎಷ್ಟೋ ಸಲ ಕಾರಣವೇ ತಿಳಿಯುವುದಿಲ್ಲ. ಅಪಾಯ ಇರುವ ಕಡೆ ಜನರನ್ನು ಬರಿಗೈಲಿ ನಿಲ್ಲಿಸಬೇಡಿ ಅನ್ನುವುದಷ್ಟೇ ನಮ್ಮ ವಾದ.

ನೋವಿನ ಮಾತ್ರೆ ವಿಷಯವೂ ಇದರದ್ದೇ ತಮ್ಮ. 2017ರಲ್ಲಿ ಫ್ರಾನ್ಸಿನ ಪ್ರಯೋಗಾಲಯವೊಂದರಲ್ಲಿ ಮೂರು ತಿಂಗಳೊಳಗಿನ ಮನುಷ್ಯ ಭ್ರೂಣದ ವೃಷಣದ ಅಂಗಾಂಶಕ್ಕೆ ಐಬುಪ್ರೊಫೆನ್ ತಾಗಿಸಿದಾಗ ಹಾರ್ಮೋನು ಕುಗ್ಗಿತು. ದಿನವಿಡೀ ಬಗ್ಗಿ ಕಳೆ ಕಿತ್ತವಳು ಸಂಜೆ ಪೆಟ್ಟಿಗೆ ಅಂಗಡಿಯಲ್ಲಿ ಮೈಕೈ ನೋವಿನ ಮಾತ್ರೆ ಕೇಳುತ್ತಾಳೆ, ಅವನು ಡಬ್ಬಿಯಿಂದ ಒಂದು ತೆಗೆದು ಕೊಡುತ್ತಾನೆ. ಮುಟ್ಟು ತಪ್ಪಿದ್ದರೆ ಅಂಗಡಿ ಮಾತ್ರೆ ಬೇಡ, ಆಸ್ಪತ್ರೆಯಲ್ಲಿ ಕೇಳಿ. ಹಾಗಂತ ಜ್ವರವನ್ನು ಸಹಿಸಿಕೊಂಡು ಮಲಗಬೇಡಿ, ಬಸುರಿಯ ಜ್ವರಕ್ಕೆ ಅದೇ ದಿನ ಚಿಕಿತ್ಸೆ ಬೇಕು.

ಈಗ ಅಜ್ಜಿಯಂದಿರಿಗೆ, ಬಾಣಂತನ ಮಾಡುವ ದೊಡ್ಡಮ್ಮಂದಿರಿಗೆ ಒಂದು ವಿನಂತಿ. ದಿನ ತುಂಬಿ ಹುಟ್ಟಿದ ನೂರು ಗಂಡು ಮಕ್ಕಳಲ್ಲಿ ಮೂರರಷ್ಟು ಮಕ್ಕಳಿಗೆ ಬೀಜ ಇಳಿದಿರುವುದಿಲ್ಲ, ದಿನ ತುಂಬದೆ ಹುಟ್ಟಿದವರಲ್ಲಿ ಇನ್ನೂ ಹೆಚ್ಚು. ಎಷ್ಟೋ ಮಕ್ಕಳಿಗೆ ಮೊದಲ ಕೆಲವು ತಿಂಗಳಲ್ಲಿ ತಾನಾಗೇ ಇಳಿಯುತ್ತದೆ. ಆರು ತಿಂಗಳಾದರೂ ಇಳಿಯದಿದ್ದರೆ ಇನ್ನು ಇಳಿಯುವ ಭರವಸೆ ಕಡಿಮೆ. ಆಗ ಕಾಯಬಾರದು. ಆಪರೇಷನ್ ಆರರಿಂದ ಹದಿನೆಂಟು ತಿಂಗಳೊಳಗೆ ಆಗಬೇಕು. ವೃಷಣಕ್ಕೆ ಮೈಗಿಂತ ಎರಡು ಮೂರು ಡಿಗ್ರಿ ತಂಪು ಬೇಕು, ಒಳಗೇ ಉಳಿದರೆ ವರ್ಷ ವರ್ಷ ವೀರ್ಯದ ಮೂಲ ಕೋಶಗಳು ಸಾಯುತ್ತವೆ, ಮುಂದೆ ಕ್ಯಾನ್ಸರಿನ ಸಾಧ್ಯತೆಯೂ ಏರುತ್ತದೆ. ಒಂದೇ ಕಡೆ ಇಳಿಯದವರಲ್ಲಿ ಬಹಳ ಜನಕ್ಕೆ ಮಕ್ಕಳಾಗುತ್ತವೆ, ಎರಡೂ ಕಡೆ ಆದರೆ ಕಷ್ಟ. ನೀರು ಹಾಕುವಾಗ ಬೆಚ್ಚಗಿನ ನೀರಿನಲ್ಲಿ ಕೈಯಾಡಿಸಿದರೆ ನಿಮಗೇ ಗೊತ್ತಾಗುತ್ತದೆ. "ದೊಡ್ಡೋನಾದ್ಮೇಲೆ ಇಳೀತದೆ" ಅನ್ನುವ ಆ ಒಂದು ಮಾತನ್ನು ನಮ್ಮ ಊರುಗಳಿಂದ ತೆಗೆದುಹಾಕಿ. ಅಂಗನವಾಡಿಯಲ್ಲಿ ತೂಕ ಹಾಕುತ್ತಾರೆ, ತೋಳು ಅಳೆಯುತ್ತಾರೆ. ಲಸಿಕೆಗೆ ಬಂದ ಗಂಡು ಮಗುವಿನ ಚಡ್ಡಿ ಬಿಚ್ಚಿ ನೋಡಲು ಅರ್ಧ ನಿಮಿಷ ಸಾಕು, ಅದನ್ನು ಕಾರ್ಡಿನಲ್ಲಿ ಒಂದು ಗೆರೆಯಾಗಿ ಸೇರಿಸಲು ಇಲಾಖೆಗೆ ಏನು ಖರ್ಚು?

ಲಸಿಕೆ ಅಂದಾಗ ಇನ್ನೊಂದು ನೆನಪಾಯಿತು. ಮಂಗನಬಾವು ಪ್ರಾಯದ ಹುಡುಗರಿಗೆ ಬಂದರೆ ಕೆಲವರಿಗೆ ವೃಷಣಕ್ಕೆ ಇಳಿದು ಊದುತ್ತದೆ. ಪೂರ್ತಿ ಬಂಜೆತನ ಅಪರೂಪ, ಆದರೆ ವೃಷಣ ಸೊರಗುವುದುಂಟು. ಲಸಿಕೆ ಇದೆ. ಖಾಸಗಿ ಆಸ್ಪತ್ರೆಯಲ್ಲಿ ದುಡ್ಡು ಕೊಟ್ಟರೆ ದಡಾರ, ಮಂಗನಬಾವು, ರುಬೆಲ್ಲಾ ಮೂರೂ ಸೇರಿದ ಎಂಎಂಆರ್ ಹಾಕುತ್ತಾರೆ. ಸರ್ಕಾರ 2017ರಲ್ಲಿ ಕರ್ನಾಟಕದಲ್ಲಿ ಶುರು ಮಾಡಿದ್ದು ಎಂಆರ್. ನಡುವಿನ ಎಂ ಇಲ್ಲ. ಹಾಸನದಲ್ಲಿ ದುಡ್ಡಿರುವವರ ಮಗನಿಗೆ ಮೂರು ಅಕ್ಷರ, ನಮ್ಮ ಹುಡುಗರಿಗೆ ಎರಡು.

ಹೋದ ಗ್ರಾಮಸಭೆಯೊಂದರಲ್ಲಿ ನಾವು ಇದರಲ್ಲಿ ಎರಡು ವಿಷಯ ಎತ್ತಿದೆವು: ಹೊಡೆಯುವವರಿಗೆ ಪಂಚಾಯಿತಿಯಿಂದ ರಕ್ಷಣೆಯ ಕಿಟ್ಟು, ಮತ್ತು ಗಂಡಸರ ಪರೀಕ್ಷೆ ಬಗ್ಗೆ ಒಂದು ಆರೋಗ್ಯ ಶಿಬಿರ. ಮೊದಲನೆಯದಕ್ಕೆ ಅನುದಾನ ಇಲ್ಲ ಅಂದರು. ಎರಡನೆಯದಕ್ಕೆ ಎಲ್ಲರೂ ನಕ್ಕರು, ಒಬ್ಬ ಹಿರಿಯರು "ಹೆಣ್ಮಕ್ಳು ಕೂತಿರೋ ಕಡೆ ಇದೆಲ್ಲಾ ಮಾತಾಡೋದಾ?" ಅಂತ ಗದರಿದರು. ಹಿಂದಿನ ಬೆಂಚಿನಿಂದ ಒಬ್ಬ ಹೆಂಗಸು ಎದ್ದು, "ನಮ್ ಸ್ಕ್ಯಾನಿಂಗ್ ವಿಷ್ಯ ಎಲ್ಲರ ಮುಂದೇನೇ ಮಾತಾಡ್ತೀರಲ್ಲ" ಅಂದು ಕೂತರು. ನಗು ನಿಂತಿತು. ಪಿಡಿಒ ಎರಡನ್ನೂ ನಡಾವಳಿ ಪುಸ್ತಕದಲ್ಲಿ ಬರೆದುಕೊಂಡರು. ಮುಂದಿನ ಸಭೆಗೆ ಆ ಪುಟ ತೆಗೆಸಿ ಓದಿಸುತ್ತೇವೆ.